ಹಳೇ ಚಪ್ಪಲಿ ತನ್ನಿ, ಅಂಗಾಲು ನೋಡೋಣ

ಸಕ್ಕರೆ ಕಾಯಿಲೆ ಇದೆಯಾ? ಹಾಗಾದರೆ ದಿನಾ ಹಾಕುವ ಚಪ್ಪಲಿಯನ್ನು ಒಮ್ಮೆ ಬೆಳಕಿಗೆ ಹಿಡಿಯಿರಿ. ಅದು ಎಲ್ಲ ಕಡೆ ಒಂದೇ ಸಮ ಸವೆದಿರುವುದಿಲ್ಲ. ಹೆಬ್ಬೆರಳಿನ ಬುಡದಲ್ಲೋ ಹಿಮ್ಮಡಿಯಲ್ಲೋ ಕಪ್ಪಗೆ ಗುಳಿ ಬಿದ್ದಿರುತ್ತದೆ. ಮೈಭಾರ ಜಾಸ್ತಿ ಬೀಳುವುದು ಅಲ್ಲೇ. ಅಂಗಾಲಿನ ಹುಣ್ಣು ಏಳುವುದೂ ಹೆಚ್ಚಾಗಿ ಇಂಥ ಜಾಗದಲ್ಲೇ.

ಈಗ ಪಾದದ ಆಕಾರ. ಕಾಲು ಒದ್ದೆ ಮಾಡಿಕೊಂಡು ಒಣ ಸಿಮೆಂಟ್ ನೆಲದ ಮೇಲೆ ನಿಲ್ಲಿ. ಗೋಡೆ ಹಿಡಿದುಕೊಳ್ಳಿ, ಜಾರೀತು. (ಹಳೇ ಪೇಪರ್ ಮೇಲೂ ನಿಲ್ಲಬಹುದು. ಆದರೆ ಅಕ್ಷರ ತುಳಿಯಲು ನಮ್ಮಲ್ಲಿ ಹಲವರಿಗೆ ಮನಸ್ಸು ಬರಲ್ಲ, ಅಲ್ವಾ?) ಪಾದದ ನಡುಭಾಗವೂ ಪೂರ್ತಿ ಮೂಡಿದರೆ ಚಪ್ಪಟೆ ಪಾದ. ನಡುವೆ ಖಾಲಿ ಬಿಟ್ಟು ಮುಂದೆ, ಹಿಂದೆ ಮಾತ್ರ ಮೂಡಿದರೆ ಕಮಾನು ಎತ್ತರ. ಆಗ ಭಾರವೆಲ್ಲ ಆ ಎರಡೇ ಕಡೆ.

ಆಮೇಲೆ ಬೆರಳುಗಳನ್ನು ನೋಡಿ. ಶುಗರ್ ವರ್ಷಗಟ್ಟಲೆ ಹತೋಟಿ ತಪ್ಪಿದರೆ ನರಗಳು ಸೋಲುತ್ತವೆ. ಪಾದದೊಳಗಿನ ಸಣ್ಣ ಸ್ನಾಯುಗಳು ಸೊರಗಿ ಬೆರಳುಗಳು ಕೊಕ್ಕೆಯಂತೆ ಬಾಗುತ್ತವೆ. ಬೆರಳ ಬುಡದ ಮೂಳೆಗಳಿಗೆ ಮೆತ್ತೆಯಾಗಿದ್ದ ಕೊಬ್ಬು ಮುಂದಕ್ಕೆ ಸರಿಯುತ್ತದೆ. ಮೂಳೆ ನೇರವಾಗಿ ಚರ್ಮವನ್ನು ಒತ್ತುತ್ತದೆ, ಚರ್ಮ ಜಡ್ಡುಗಟ್ಟುತ್ತದೆ. ಜಡ್ಡು ಇದ್ದರೆ ಕಾಲಿಗೆ ಒಳ್ಳೆಯದೇ ಎಂದು ಅನೇಕರು ಸುಮ್ನೆ ಬಿಡುತ್ತಾರೆ. ಅದು ತಪ್ಪು. ಚಪ್ಪಲಿಯೊಳಗೆ ಸಿಕ್ಕ ಕಲ್ಲಿನ ಹಾಗೆ ಜಡ್ಡೇ ಒತ್ತಡ ಹೆಚ್ಚಿಸುತ್ತದೆ. ಅದರಡಿ ಹುಣ್ಣು ಅಡಗಿರಲೂಬಹುದು. ಹಾಗಂತ ಬ್ಲೇಡಿನಿಂದ ಕೆರೆಯಬೇಡಿ, ಆಣಿಗೆ ಹಚ್ಚುವ ಆಸಿಡ್ ಪಟ್ಟಿಯೂ ಬೇಡ. ವೈದ್ಯರೇ ತೆಗೆಯಲಿ.

ಇಷ್ಟೆಲ್ಲ ಆದರೂ ನೋವು ಯಾಕಿಲ್ಲ? ಸ್ಪರ್ಶವೇ ಹೋಗಿರಬಹುದು. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನಲ್ಲಿ ರೂಪುಗೊಂಡ ಸುಲಭ ಪರೀಕ್ಷೆಯೊಂದಿದೆ. ನೀವು ಕಣ್ಣು ಮುಚ್ಚಿಕೊಳ್ಳಿ. ಮನೆಯವರು ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ತೋರುಬೆರಳಿನಿಂದ 1-2 ಸೆಕೆಂಡ್ ಹಗುರವಾಗಿ ಮುಟ್ಟಲಿ. ಒತ್ತಬಾರದು, ತಟ್ಟಬಾರದು. 6 ಬೆರಳುಗಳಲ್ಲಿ 2 ಅಥವಾ ಹೆಚ್ಚು ಗೊತ್ತಾಗದಿದ್ದರೆ ವೈದ್ಯರಿಗೆ ತೋರಿಸಿ. ಅವರು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಮತ್ತೆ ನೋಡುತ್ತಾರೆ.

ಇನ್ನು ಚಪ್ಪಲಿ. ಒಳಗೆ ಮೆತ್ತಗಿನ ಎಂಸಿಆರ್ ಹಾಳೆ (ಸಣ್ಣ ಗಾಳಿಗುಳ್ಳೆಗಳಿರುವ ರಬ್ಬರ್), ಹಿಂದೆ ಪಟ್ಟಿ ಇರುವಂಥದ್ದನ್ನು ಕೊಳ್ಳಿ. ಹವಾಯಿ ಚಪ್ಪಲಿ ಜಾರದಂತೆ ಬೆರಳು ಬಿಗಿಹಿಡಿಯಬೇಕಾಗುತ್ತದೆ, ಬಾಗಿದ ಬೆರಳಿಗೆ ಅದು ಬೇಡ. ಸಂಜೆ ಕಾಲು ಸ್ವಲ್ಪ ಊದಿಕೊಂಡಿರುತ್ತದೆ, ಕೊಳ್ಳಲು ಆಗಲೇ ಹೋಗಿ. ಮನೆಯಲ್ಲೇ ರಟ್ಟಿನ ಮೇಲೆ ನಿಂತು ಪಾದದ ಗೆರೆ ಎಳೆದು, ಕತ್ತರಿಸಿ ಒಯ್ಯಿರಿ. ಆ ರಟ್ಟು ಅಂಚು ಮಡಿಚದೆ ಚಪ್ಪಲಿಯೊಳಗೆ ಕೂರಬೇಕು. ಮಧ್ಯಾಹ್ನ ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವುದಾದರೆ ದಪ್ಪ ಕಾಲುಚೀಲ ಇರಲಿ. ಸ್ಪರ್ಶ ಹೋದ ಕಾಲಿಗೆ ಕಾದ ಕಲ್ಲು ಸುಟ್ಟಿದ್ದೂ ಗೊತ್ತಾಗುವುದಿಲ್ಲ.

ಒಂದು ಪಾದ ಮಾತ್ರ ಇದ್ದಕ್ಕಿದ್ದಂತೆ ಕೆಂಪಗಾಗಿ, ಊದಿ, ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ ನೋವಿಲ್ಲ ಎಂದು ಕಾಯಬೇಡಿ. ಒಳಗೆ ಮೂಳೆ ಕುಸಿಯುತ್ತಿರಬಹುದು. ಆವತ್ತೇ ಆಸ್ಪತ್ರೆಗೆ ಹೋಗಿ. ನಡೆದುಕೊಂಡಲ್ಲ, ಆಟೋದಲ್ಲಿ.