ಸ್ಪ್ಯಾನಿಷ್ ಪ್ಯಾಸಿವ್: ಕನ್ನಡದ ದಾರಿಯಲ್ಲಿ ಹೋದೆ, ಕೆಲಸ ಆಯಿತು

ಪ್ಯಾಸಿವ್ ಅಂದರೆ ‘ಕಟ್ಟಲ್ಪಟ್ಟಿತು’ ತರಹದ ಕರ್ಮಣಿ ಪ್ರಯೋಗ. ಸ್ಪ್ಯಾನಿಷ್‌ನಲ್ಲಿ ಅದಕ್ಕೆ ಸೇರ್ (‘ಇರು’ ಅನ್ನುವ ಕ್ರಿಯಾಪದ), ಅದಕ್ಕೆ ಪಾರ್ತಿಸಿಪಿಯೊ (‘ಕಟ್ಟಿದ’ ತರಹದ ಕೃದಂತ), ಕೊನೆಗೆ ಪೊರ್ (‘ಇಂದ’). ಬಿ2, ಅಂದರೆ ಮಧ್ಯಮಕ್ಕಿಂತ ಮೇಲಿನ ಹಂತ, ಓದಿದವರಿಗೆ ಇದು ಗೊತ್ತು. ತಲೆನೋವು ಇರುವುದು ಇದನ್ನು ಎಲ್ಲಿ ಬಳಸಬಾರದು ಅನ್ನುವುದರಲ್ಲಿ.

ಕೋಚಿಂಗ್‌ಗೆ ಸುಮಾರು 40 ಸಾವಿರ ಸುರಿದೆ. ಇಂಗ್ಲಿಷ್ ವಾಕ್ಯ ಕೊಟ್ಟು ತಿರುಗಿಸಿ ಅನ್ನುವುದೇ ಅಲ್ಲಿ ಪಾಠ. ಆಮೇಲೆ ಯಂತ್ರಗಳ ಮ್ಯಾನ್ಯುಯಲ್ (ಬಳಕೆಯ ಕೈಪಿಡಿ) ಅನುವಾದಕ್ಕೆ ಇಳಿದರೆ, ಎಡಿಟರ್ ಪುಟ ಪುಟಕ್ಕೂ ಕೆಂಪು ಬಳಿದು ಕಳಿಸುತ್ತಿದ್ದರು. ವ್ಯಾಕರಣ ಸರಿ, ಆದರೆ ಹೀಗೆ ಯಾರೂ ಬರೆಯುವುದಿಲ್ಲ ಅಂತ. ತಿದ್ದಿದ್ದಕ್ಕೆ ಬಿಲ್ಲಿನಲ್ಲಿ ಕಡಿತ ಬೇರೆ, ಹತ್ತು ಪರ್ಸೆಂಟ್ ಹತ್ತಿರ.

ಕೊನೆಗೆ ಇಂಗ್ಲಿಷ್ ಬಿಟ್ಟು ಕನ್ನಡದಿಂದ ಹೊರಟೆ. ಗೆಳೆಯರು ನಕ್ಕರು. ಆದರೆ ನೋಡಿ, ‘ಮರಿಯಾಗೆ ಬಹುಮಾನ ಕೊಟ್ಟರು’ ಅನ್ನುತ್ತೇವೆ. ಯಾರು ಕೊಟ್ಟರು ಅಂತ ಹೇಳುವುದೇ ಇಲ್ಲ. ಸ್ಪ್ಯಾನಿಷ್‌ನಲ್ಲೂ ಅಷ್ಟೇ: ‘ಆ ಮರಿಯಾ ಲೆ ದಿಯೆರೊನ್ ಎಲ್ ಪ್ರೆಮಿಯೊ’. ಇಂಗ್ಲಿಷ್ ಹಿಡಿದು ಬಂದವರು ‘ಮರಿಯಾ ಫ್ವೆ ದಾದಾ’ (ಮರಿಯಾ ಕೊಡಲ್ಪಟ್ಟಳು) ಅಂತ ಬರೆದು ಸಿಕ್ಕಿಬೀಳುತ್ತಾರೆ. ಅದು ಸ್ಪ್ಯಾನಿಷ್ಷೇ ಅಲ್ಲ. ‘ಈ ಮನೆ ನಮ್ಮಜ್ಜ ಕಟ್ಟಿಸಿದ್ದು’ ಅನ್ನುವುದಕ್ಕೂ ಪ್ಯಾಸಿವ್ ಬೇಡ. ಮನೆಯನ್ನು ಮುಂದೆ ತಂದು ‘ಅದನ್ನು’ ಅನ್ನುವ ಒಂದು ‘ಲಾ’ ಸಿಕ್ಕಿಸಿ: ‘ಎಸ್ತಾ ಕಾಸಾ ಲಾ ಕೊನ್ಸ್ತ್ರುಯೊ ಮಿ ಅಬ್ವೆಲೊ’.

ಮನೆಯಲ್ಲಿ ಯಾರಾದರೂ ‘ಕಟ್ಟಲ್ಪಟ್ಟಿತು’ ಅಂತಾರಾ? ಸೇರ್ ಪ್ಯಾಸಿವ್ ಹೆಚ್ಚುಕಡಿಮೆ ಅದೇ ಜಾತಿ. ‘ಎಲ್ ಗೆರ್ನಿಕಾ ಫ್ವೆ ಪಿಂತಾದೊ ಪೊರ್ ಪಿಕಾಸೊ ಎನ್ 1937’ (ಗೆರ್ನಿಕಾ ಚಿತ್ರ 1937ರಲ್ಲಿ ಪಿಕಾಸೊನಿಂದ ಬರೆಯಲ್ಪಟ್ಟಿತು; ‘ಫ್ವೆ’ ಸೇರ್‌ನ ಭೂತಕಾಲದ ರೂಪ) ತರಹದ ಇತಿಹಾಸಕ್ಕೆ, ಸುದ್ದಿಗೆ ಸರಿ.

ಉಳಿದದ್ದಕ್ಕೆ ‘ಸೆ’ ಅನ್ನುವ ಪುಟ್ಟ ಪದ, ಮಾಡಿದವರ ಹೆಸರೆತ್ತದೆ ಹೇಳುವುದಕ್ಕೆ. ಇದನ್ನು ಕಲಿತದ್ದು ತೋರ್ತಿಯಾ (ಆಲೂಗಡ್ಡೆ ಹಾಕಿದ ಸ್ಪೇನಿನ ಆಮ್ಲೆಟ್) ರೆಸಿಪಿಗಳಿಂದ, ಒಂದು ಪೈಸೆ ಖರ್ಚಿಲ್ಲದೆ. ‘ಸೆ ಪೆಲಾನ್ ಲಾಸ್ ಪತಾತಾಸ್, ಸೆ ಬಾತೆನ್ ಲೋಸ್ ವೆಬೋಸ್, ಸೆ ಅನ್ಯಾದೆ ಲಾ ಸಾಲ್’. ಆಲೂಗಡ್ಡೆ ಸುಲಿಯಬೇಕು, ಮೊಟ್ಟೆ ಕಲಕಬೇಕು, ಉಪ್ಪು ಹಾಕಬೇಕು ಅಂತ. ಆಲೂಗಡ್ಡೆ, ಮೊಟ್ಟೆ ಒಂದಕ್ಕಿಂತ ಜಾಸ್ತಿ, ಕ್ರಿಯಾಪದವೂ ಬಹುವಚನ. ಉಪ್ಪಿಗೆ ಏಕವಚನ. ಇದರ ಹಿಂದೆ ಪೊರ್ ತೂರಿಸಲು ಹೋಗಬೇಡಿ. ಜನರ ವಿಷಯ ಬಂದಾಗ ಎಚ್ಚರ: ‘ಸೆ ಬುಸ್ಕಾ ಆ ದೋಸ್ ತೆಸ್ತೀಗೋಸ್’ (ಇಬ್ಬರು ಸಾಕ್ಷಿಗಳನ್ನು ಹುಡುಕುತ್ತಿದ್ದಾರೆ). ಸಾಕ್ಷಿಗಳು ಇಬ್ಬರು, ಆದರೂ ನಮ್ಮ ‘ಅನ್ನು’ ತರಹದ ‘ಆ’ ಇರುವುದರಿಂದ ಕ್ರಿಯಾಪದ ಏಕವಚನ.

  

ಅದೇ ಎಡಿಟರ್ ಈಗ ಪುಟಕ್ಕೆ ಒಂದೆರಡು ಗೆರೆ ಎಳೆದರೆ ಹೆಚ್ಚು. ಪದಕ್ಕೆ ಒಂದು ರೂಪಾಯಿ ಆಸುಪಾಸಿನಲ್ಲಿದ್ದ ರೇಟು ಎರಡೂವರೆಗೆ ಬಂದಿದೆ. ಮ್ಯಾನ್ಯುಯಲ್‌ನಲ್ಲೂ ಸೇರ್ ಉಳಿಸಲೇಬೇಕಾದ ಕೆಲವು ಕ್ರಿಯಾಪದಗಳಿವೆ. ಆ ಪಟ್ಟಿ ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡು ಅಲ್ವಾ.