ಮಾಚಾ ಕಹಿಯಾಗದಂತೆ ಕಡೆಯುವುದು ಹೇಗೆ?

ಜಪಾನಿನ ಹಸಿರು ಚಹಾ ಪುಡಿ ಮಾಚಾವನ್ನು ಆಸೆಯಿಂದ ತಂದು, ಒಂದೇ ಗುಟುಕಿಗೆ ಮುಖ ಕಿವುಚಿ ಡಬ್ಬಿಯನ್ನು ಮೂಲೆಗೆ ತಳ್ಳಿದವರನ್ನು ಬಹಳ ನೋಡಿದ್ದೇನೆ. ಹೆಚ್ಚಿನ ಸಲ ಕೆಡುವುದು ನೀರಿನ ಹಂತದಲ್ಲೇ. ಚಹಾ ಕುದಿಸಿ ರೂಢಿಯಾದ ನಮ್ಮ ಕೈ ಇದಕ್ಕೂ ಕೊತಕೊತ ಕುದಿಯುವ ನೀರನ್ನೇ ಸುರಿಯುತ್ತದೆ. ಜಪಾನಿನ ಚಹಾ ವಿಧಿಯ ಹೆಸರು 'ಚಾನೊಯು', ಅಂದರೆ ಚಹಾದ ಬಿಸಿನೀರು. ಅಲ್ಲಿ ನೀರಿಗೆ ಅಷ್ಟು ಬೆಲೆ.

ಪುಡಿ: ಚಿಕ್ಕ ಡಬ್ಬಿ ಕೊಳ್ಳಿ. ಎಳೆ ಹುಲ್ಲಿನ ಹಸಿರು ಇರಬೇಕು. ಹಳದಿಗೆ ತಿರುಗಿದ್ದು ಬೇಡ. ಕೊಯ್ಲಿಗೆ ಸುಮಾರು ಮೂರು ವಾರ ಮೊದಲೇ ಗಿಡಗಳಿಗೆ ನೆರಳು ಕಟ್ಟುತ್ತಾರೆ. ಬಿಸಿಲು ಬಿದ್ದರೆ ಎಲೆಯಲ್ಲಿರುವ ಥಿಯನೈನ್ ಎಂಬ ರುಚಿಯ ಅಂಶ, ಒಗರು ಕೊಡುವ ಕೆಟೆಚಿನ್ ಎಂಬ ಅಂಶವಾಗಿ ಬದಲಾಗುತ್ತದೆ. ನೆರಳಿನಲ್ಲಿ ಥಿಯನೈನ್ ಹಾಗೇ ಉಳಿದುಕೊಂಡು ಬೇಳೆಕಟ್ಟಿನಂಥ ತುಂಬು ರುಚಿ ಕೊಡುತ್ತದೆ. ಡಬ್ಬಿಯ ಮೇಲಿನ 'ಸೆರಿಮೋನಿಯಲ್ ಗ್ರೇಡ್' (ಚಹಾ ವಿಧಿಗೆ ತಕ್ಕ ದರ್ಜೆ) ಎಂಬ ಮಾತಿಗೆ ಜಪಾನಿನಲ್ಲಿ ಕಾನೂನಿನ ವ್ಯಾಖ್ಯೆಯೇ ಇಲ್ಲ, ಅದನ್ನು ನಂಬಿ ದುಡ್ಡು ಸುರಿಯಬೇಡಿ. ಹಾಲಿನ ಪುಡಿ, ಸಕ್ಕರೆ ಬೆರೆಸಿದ ಪೊಟ್ಟಣಗಳನ್ನು ಮುಟ್ಟಲೇಬೇಡಿ.

ಜರಡಿ: ಎರಡು ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ ಪುಡಿಯನ್ನು ಜರಡಿ ಹಿಡಿಯಿರಿ. ಇದನ್ನು ಬಿಟ್ಟರೆ ಎಷ್ಟು ಕಡೆದರೂ ಗಂಟು ಹೋಗುವುದಿಲ್ಲ.

ನೀರು: ಇಲ್ಲಿ ಅವಸರ ಬೇಡವೇ ಬೇಡ. ನೀರು ಒಮ್ಮೆ ಚೆನ್ನಾಗಿ ಕುದಿಯಲಿ. ಅದರಲ್ಲಿ ಸ್ವಲ್ಪವನ್ನು ಬಟ್ಟಲಿಗೆ ಹಾಕಿ, 'ಚಾಸೆನ್' ಎಂಬ ಬಿದಿರಿನ ಕಡಗೋಲಿನ ಎಳೆಗಳನ್ನು ಅದರಲ್ಲಿ ಅದ್ದಿಡಿ. ಎಳೆ ಮೆದುವಾಗುತ್ತದೆ, ಬಟ್ಟಲೂ ಬೆಚ್ಚಗಾಗುತ್ತದೆ. ಆ ನೀರು ಚೆಲ್ಲಿ ಬಟ್ಟಲನ್ನು ಒರೆಸಿ. ಹಸಿ ಬಟ್ಟಲಿಗೆ ಪುಡಿ ಬಿದ್ದರೆ ಅಂಟಿ ಕೂರುತ್ತದೆ. ಉಳಿದ ನೀರನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಎರಡು ಮೂರು ಸಲ ಹುಯ್ದು 80 ಡಿಗ್ರಿಗೆ ಇಳಿಸಿ. ಇದಕ್ಕಿಂತ ಬಿಸಿಯಾದರೆ ಕಹಿ, ಒಗರು ಮುನ್ನುಗ್ಗಿ ಸಿಹಿಯನ್ನು ಮುಚ್ಚಿಬಿಡುತ್ತವೆ. ತಣ್ಣೀರು ಬೆರೆಸುವುದು ಸುಲಭದ ದಾರಿ, ನಡೆಯುತ್ತದೆ; ಆದರೆ ಅಂದಾಜು ತಪ್ಪಿದರೆ ನೊರೆ ಏಳದು. ಜರಡಿ ಹಿಡಿದ ಪುಡಿಯನ್ನು ಒರೆಸಿದ ಬಟ್ಟಲಿಗೆ ಹಾಕಿ, ಈ ನೀರನ್ನು ಸುರಿಯಿರಿ. ಅಳತೆ 70 ಮಿಲಿಲೀಟರ್.

ಕಡೆಯುವುದು: ನಮ್ಮ ಮಜ್ಜಿಗೆ ಕಡಗೋಲಿನಂತೆ ಅಂಗೈಯಲ್ಲಿ ತಿರುಗಿಸಬೇಡಿ. ಚಮಚದಿಂದ ಗರಗರ ಸುತ್ತಿಸುವುದೂ ದಂಡ. ತೋಳು ಅಲುಗದೆ ಮಣಿಕಟ್ಟು ಮಾತ್ರ ಹಿಂದೆ ಮುಂದೆ ಚುರುಕಾಗಿ ಆಡಲಿ. ಎಳೆಗಳು ಬಟ್ಟಲಿನ ತಳವನ್ನು ಉಜ್ಜಬಾರದು. ಹದಿನೈದಿಪ್ಪತ್ತು ಸೆಕೆಂಡು ಸಾಕು. ಕೊನೆಗೆ ಮೇಲ್ಮೈಯಲ್ಲಿ ನಿಧಾನವಾಗಿ ಆಡಿಸಿ ದೊಡ್ಡ ಗುಳ್ಳೆಗಳನ್ನು ಒಡೆಯಿರಿ. ಚಹಾ ವಿಧಿಯ ಮಹಾಗುರು ಸೆನ್ ನೊ ರಿಕ್ಯೂ (1522–1591) ಪರಂಪರೆಯ ಎರಡು ಮನೆತನಗಳಲ್ಲೇ ಇದಕ್ಕೆ ಎರಡು ಪದ್ಧತಿ: ಉರಾಸೆಂಕೆಯವರು ನೊರೆ ತುಂಬ ಎಬ್ಬಿಸುತ್ತಾರೆ, ಒಮೊತೆಸೆಂಕೆಯವರು ಕಡಿಮೆ. ನೊರೆ ಒಗರನ್ನು ಮೆತ್ತಗೆ ಮಾಡುತ್ತದೆ. ಹೊಸಬರು ಉರಾಸೆಂಕೆಯ ದಾರಿಯನ್ನೇ ಹಿಡಿಯಿರಿ.

ಕುಡಿಯುವುದು: ಸಕ್ಕರೆ ಬೇಡ. ಸಿಹಿತಿಂಡಿಯನ್ನು ಮೊದಲೇ ತಿಂದು ಮುಗಿಸಿ, ನಾಲಿಗೆಯ ಮೇಲೆ ಉಳಿದ ಸಿಹಿಗೆ ಚಹಾ ಬಂದು ಸೇರಬೇಕು. ಚಾನೊಯುವಿನಲ್ಲಿ ಅತಿಥಿ ಬಟ್ಟಲನ್ನು ತುಸು ತಿರುಗಿಸುವುದು ಅದರ ಚಂದದ ಮುಖಕ್ಕೆ ತುಟಿ ತಾಗದಿರಲೆಂದು. ಕೊನೆಯ ಗುಟುಕನ್ನು ಸೊರ್ ಎಂದು ಸದ್ದು ಮಾಡಿ ಹೀರುವುದು ಅಲ್ಲಿ ಮರ್ಯಾದೆಯೇ. ತಡಮಾಡಿದರೆ ಪುಡಿ ತಳಕ್ಕೆ ಇಳಿಯುತ್ತದೆ.

ಚಾಸೆನ್ನಿಗೆ ಸೋಪು ಹಾಕಬೇಡಿ. ಬಿಸಿನೀರಿನಲ್ಲಿ ಆಡಿಸಿ, ಗಾಳಿಗೆ ಒಣಗಿಸಿ, ಆಮೇಲೆ ಎತ್ತಿಡಿ. ಹಸಿಯಾಗಿ ಡಬ್ಬಿಗೆ ಸೇರಿದರೆ ಬೂಸ್ಟು ಹಿಡಿಯುತ್ತದೆ.