ಐದೋ ಆರೋ: ಒಂದು ಉಲ್ಕಾಶಿಲೆಯ ವರ್ಗ ಹುಡುಕಿದ್ದು

ಕೈಗೆ ಬಂದ ತುಂಡು ಅಂಗೈಗಿಂತ ಚಿಕ್ಕದು. ಒಂದು ಕಡೆ ತೆಳ್ಳಗಿನ ಕಪ್ಪು ಸಿಪ್ಪೆ, ಒಡೆದ ಕಡೆ ತಿಳಿ ಬೂದು ಬಣ್ಣ, ಅಲ್ಲಲ್ಲಿ ಮಿನುಗುವ ಲೋಹದ ಚುಕ್ಕೆಗಳು. ಆಯಸ್ಕಾಂತ ಹತ್ತಿರ ತಂದರೆ ಎಳೆದುಕೊಳ್ಳುತ್ತಿತ್ತು. ಸಾಮಾನ್ಯ ಕಾಂಡ್ರೈಟ್ ಇರಬೇಕು ಅಂದುಕೊಂಡೆ, ಅಂದರೆ ಕಲ್ಲಿನ ಉಲ್ಕಾಶಿಲೆಗಳಲ್ಲಿ ಅತಿ ಹೆಚ್ಚು ಸಿಗುವ ಬಗೆ. ಅದರಲ್ಲಿ ಎಚ್, ಎಲ್, ಎಲ್‌ಎಲ್ ಅಂತ ಮೂರು ಗುಂಪು. ಎಚ್‌ನಲ್ಲಿ ಕಬ್ಬಿಣ ಜಾಸ್ತಿ, ಎಲ್‌ಎಲ್‌ನಲ್ಲಿ ಕಡಿಮೆ.

ಕತ್ತರಿಸುವಾಗ ನೀರು ಮುಟ್ಟಿಸಲಿಲ್ಲ, ಆಲ್ಕೋಹಾಲ್ ಬಳಸಿದೆ. ನೀರು ತಗುಲಿದರೆ ಲೋಹಕ್ಕೆ ತುಕ್ಕು ಹಿಡಿಯುತ್ತದೆ. ಆಮೇಲೆ ಅದು ನೆಲದಲ್ಲಿ ಬಿದ್ದಿದ್ದಾಗ ಹಿಡಿದದ್ದೋ ನಾವೇ ಹಿಡಿಸಿದ್ದೋ ಗೊತ್ತಾಗುವುದಿಲ್ಲ. ಚೂರನ್ನು ಗಾಜಿಗೆ ಅಂಟಿಸಿ 30 ಮೈಕ್ರಾನ್ ದಪ್ಪಕ್ಕೆ ಬರುವವರೆಗೆ ಉಜ್ಜಿದೆ. ಮೇಲೆ ಇನ್ನೊಂದು ಗಾಜು ಮುಚ್ಚಲಿಲ್ಲ. ಎಲೆಕ್ಟ್ರಾನ್ ಕಿರಣ ಬೀರಿ ಖನಿಜದಲ್ಲಿ ಏನೇನಿದೆ ಎಂದು ಅಳೆಯುವ ಎಲೆಕ್ಟ್ರಾನ್ ಪ್ರೋಬ್‌ಗೆ ಹೊಳಪು ಕೊಟ್ಟ ಮೇಲ್ಮೈ ಬೇಕು, ಅಲ್ವಾ?

ಮೊದಲು ಸೂಕ್ಷ್ಮದರ್ಶಕದಡಿ ಪ್ರತಿಫಲಿತ ಬೆಳಕಿನಲ್ಲಿ ನೋಡಿದೆ. ಬೆಳ್ಳಗೆ ಹೊಳೆಯುವ ಲೋಹ, ಪಕ್ಕದಲ್ಲಿ ಕಂಚಿನ ಬಣ್ಣದ ಟ್ರಾಯ್ಲೈಟ್, ಅಂದರೆ ಕಬ್ಬಿಣ-ಗಂಧಕದ ಖನಿಜ. ಒಂದು ಮೂಲೆಯಲ್ಲಿ ಲೋಹ ಎಷ್ಟು ತುಂಬಿತ್ತೆಂದರೆ ಪುಸ್ತಕದಲ್ಲಿ ‘ಎಚ್’ ಎಂದು ಬರೆದೇಬಿಟ್ಟೆ. ಅದು ತಪ್ಪಾಗಿತ್ತು. ಲೋಹ ಕಲ್ಲಿನಲ್ಲಿ ಸಮನಾಗಿ ಹರಡಿರುವುದಿಲ್ಲ, ನಾನು ನೋಡಿದ್ದು ಒಂದೇ ಮೂಲೆ.

ನಿಜವಾದ ಕಷ್ಟ ಬಂದದ್ದು ರಚನೆ ನೋಡುವಾಗ. ಗುಂಪಿನ ಅಕ್ಷರದ ಜೊತೆ, ಕಲ್ಲು ಎಷ್ಟು ಬೆಂದಿದೆ ಎಂದು ಹೇಳುವ ಒಂದು ಅಂಕಿಯೂ ಬೇಕು. 1967ರಲ್ಲಿ ವಿಜ್ಞಾನಿಗಳಾದ ವ್ಯಾನ್ ಶ್ಮಸ್ ಮತ್ತು ವುಡ್ ಕೊಟ್ಟ ಅಂಕಿಗಳನ್ನೇ ಇಂದಿಗೂ ಬಳಸುತ್ತೇವೆ. ಸಾಮಾನ್ಯ ಕಾಂಡ್ರೈಟ್‌ಗಳಲ್ಲಿ 3 ಅಂದರೆ ಕಾಂಡ್ರೂಲ್‌ಗಳು, ಅಂದರೆ ಆ ಸಣ್ಣ ದುಂಡು ಹನಿಗಳು, ಚೂಪಾದ ಅಂಚಿನೊಂದಿಗೆ ಉಳಿದಿವೆ ಅಂತ. 6ಕ್ಕೆ ಬರುವ ಹೊತ್ತಿಗೆ ಬಿಸಿಯಲ್ಲಿ ಮರುಹರಳುಗಟ್ಟಿ ಅವು ಸುತ್ತಲಿನ ಕಲ್ಲಿನೊಳಗೆ ಕರಗಿಹೋದಂತಿರುತ್ತವೆ. ನನ್ನ ಚೂರಿನಲ್ಲಿ ಆಲಿವೀನ್ ಎಂಬ ಖನಿಜದ ಒಂದು ಪಟ್ಟಿಪಟ್ಟಿ ಕಾಂಡ್ರೂಲ್ ತುಂಬ ಚೆನ್ನಾಗಿ ಕಾಣುತ್ತಿತ್ತು. ಬೆಳಕನ್ನು ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಸೋಸುವ ಎರಡು ಪೋಲರೈಸರ್‌ಗಳನ್ನು ಒಂದಕ್ಕೊಂದು ಅಡ್ಡ ಇಟ್ಟು, ನಡುವೆ ಅದನ್ನು ತಿರುಗಿಸಿದಾಗ ಪಟ್ಟಿಗಳೆಲ್ಲ ಒಟ್ಟಿಗೆ ಕತ್ತಲಾಗಿ ಒಟ್ಟಿಗೆ ಬೆಳಗುತ್ತಿದ್ದವು. ಅದನ್ನು ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ! ಅದೊಂದನ್ನೇ ನಂಬಿದ್ದರೆ 5 ಅನ್ನಬಹುದಿತ್ತು. ಆದರೆ ಉಳಿದವುಗಳ ಅಂಚು ಹುಡುಕಿದರೂ ಸಿಗುತ್ತಿರಲಿಲ್ಲ.

ಹಾಗಾಗಿ ಫೆಲ್ಡ್‌ಸ್ಪಾರ್ ಎಂಬ ಖನಿಜದ ಹರಳುಗಳನ್ನು ಅಳೆಯಲು ಕೂತೆ. ಕಲ್ಲು ಹೆಚ್ಚು ಬೆಂದಷ್ಟೂ ಅದರ ಹರಳು ದೊಡ್ಡದಾಗುತ್ತದೆ. 50 ಮೈಕ್ರಾನ್ ದಾಟಿದರೆ 6, ಅದಕ್ಕಿಂತ ಚಿಕ್ಕದಾಗಿದ್ದರೆ 5. ಬಣ್ಣವಿಲ್ಲದ ಹರಳಾದ್ದರಿಂದ ಸಾದಾ ಬೆಳಕಿನಲ್ಲಿ ಕಣ್ಣು ತಪ್ಪಿಸಿಕೊಳ್ಳುತ್ತದೆ. ಪೋಲರೈಸರ್ ಅಡ್ಡ ಇಟ್ಟು, ಬೂದು ಬಣ್ಣದ ಹರಳುಗಳನ್ನು ಒಂದೊಂದಾಗಿ ಹುಡುಕಿದೆ. ಇಡೀ ಚೂರಿನ ಉದ್ದಕ್ಕೂ ಸಾಲುಸಾಲಾಗಿ ಹೋದೆ, ಚೆನ್ನಾಗಿ ಕಾಣುವ ಜಾಗಗಳನ್ನಷ್ಟೇ ಆರಿಸಲಿಲ್ಲ. ಹಲವು ಹರಳುಗಳು 60, 80 ಮೈಕ್ರಾನ್ ಇದ್ದವು. ಆ ಒಂದು ಸುಂದರ ಕಾಂಡ್ರೂಲ್ ಇದ್ದರೂ ಕಲ್ಲು 6 ಅಂತಲೇ ತೀರ್ಮಾನಿಸಿದೆ.

ಗುಂಪಿನ ಪ್ರಶ್ನೆಯನ್ನು ಪ್ರೋಬ್ ಬಗೆಹರಿಸಿತು. ಎಚ್‌ನಲ್ಲಿ ಕಬ್ಬಿಣ ಹೆಚ್ಚಾಗಿ ಲೋಹವಾಗಿಯೇ ಇರುವುದರಿಂದ ಖನಿಜಗಳಿಗೆ ಸೇರಿದ್ದು ಕಡಿಮೆ. ಆಲಿವೀನ್‌ನಲ್ಲಿ ಫೇಯಲೈಟ್, ಅಂದರೆ ಅದರ ಕಬ್ಬಿಣದ ರೂಪ, ಅದರ ಪಾಲು ಎಚ್‌ನಲ್ಲಿ ಸುಮಾರು 16ರಿಂದ 20, ಎಲ್‌ನಲ್ಲಿ 22ರಿಂದ 26, ಎಲ್‌ಎಲ್‌ನಲ್ಲಿ 27ರಿಂದ 32 ಮೋಲ್ ಶೇಕಡಾ. ಬೇರೆ ಬೇರೆ ಕಡೆಯ 25 ಹರಳು ಅಳೆದೆ. ಎಲ್ಲ 24, 25ರ ಆಸುಪಾಸು. ಪೈರಾಕ್ಸೀನ್ ಎಂಬ ಇನ್ನೊಂದು ಖನಿಜದಲ್ಲಿ ಅದೇ ಥರದ ಕಬ್ಬಿಣದ ಪಾಲು, ಫೆರೋಸಿಲೈಟ್, 21. ಎರಡೂ ಎಲ್ ಕಡೆಗೇ ಕೈತೋರಿಸಿದವು. ಪುಸ್ತಕದಲ್ಲಿ ಬರೆದಿದ್ದ ‘ಎಚ್’ಗೆ ಅಡ್ಡಗೆರೆ ಎಳೆದೆ, ಅಳಿಸಲಿಲ್ಲ. ಯಾಕೆ ತಪ್ಪಿದೆ ಅನ್ನೋದು ಮುಂದಿನ ಸಲ ಕಣ್ಣಿಗೆ ಬೀಳಲಿ ಅಂತ.

ಉಳಿದದ್ದು ಬೇಗ ಮುಗಿಯಿತು. ಲೋಹದ ಅಂಚಿನಲ್ಲಿ ಮಾತ್ರ ತೆಳು ತುಕ್ಕು, ಹಾಗಾಗಿ ಭೂಮಿಯ ಮೇಲೆ ಕಲ್ಲು ಎಷ್ಟು ಕೆಟ್ಟಿದೆ ಎಂದು ಹೇಳುವ ಡಬ್ಲ್ಯು ಅಳತೆಯಲ್ಲಿ ಡಬ್ಲ್ಯು1. ಬಾಹ್ಯಾಕಾಶದ ಡಿಕ್ಕಿಗಳಿಂದ ಕಲ್ಲಿಗೆ ಬಿದ್ದ ಆಘಾತ ತಿಳಿಯಲು ದೊಡ್ಡ ಆಲಿವೀನ್ ಹರಳುಗಳನ್ನು ನೋಡಿದೆ. ತಿರುಗಿಸಿದಾಗ ಕತ್ತಲು ಅಲೆಅಲೆಯಾಗಿ ಸರಿಯುತ್ತಿತ್ತು. ಕಾಲು ಭಾಗಕ್ಕಿಂತ ಹೆಚ್ಚು ಹರಳುಗಳಲ್ಲಿ ಸಮಾಂತರ ಬಿರುಕುಗಳೂ ಇದ್ದವು. ಆಘಾತದ ಅಳತೆಯಲ್ಲಿ ಅದು ಎಸ್3. ಡಬ್ಬಿಯ ಮೇಲಿನ ಚೀಟಿಯಲ್ಲಿ ಎಲ್6, ಎಸ್3, ಡಬ್ಲ್ಯು1 ಎಂದು ಬರೆದು, ಉಳಿದ ತುಂಡನ್ನು ಒಣ ಡಬ್ಬಿಯಲ್ಲಿ ಮುಚ್ಚಿಟ್ಟೆ.